ಗೇಸ್ಕೆ ಬರೆಸಿಕೊಂಡ ಚೀಟಿಗಳು

ಹಿಂಡರ್ಕ್ ಪೊಪ್ಪಿಂಗ ತೀರಿಕೊಂಡಾಗ, ಹದಿನೆಂಟು ವರ್ಷ ಶಾಸಕನಾಗಿದ್ದವನು, ನಮ್ಮ ಕಡಲಂಚಿನ ಮಾತಿನಲ್ಲಿ ಐದು ಪುಸ್ತಕ ಬರೆದವನು ಎಂದು ಪತ್ರಿಕೆಗಳಲ್ಲಿ ಬಂತು. ಅದು ಸರಿಯೇ. ಆದರೆ ಅವನ ಅಕ್ಕ ಗೇಸ್ಕೆ ಹನ್ನೊಂದು ವರ್ಷ ಅವನೊಡನೆ ಆ ಮಾತಿನಲ್ಲಿ ಒಂದು ಶಬ್ದವನ್ನೂ ಆಡಿರಲಿಲ್ಲ ಎಂದು ಯಾರೂ ಬರೆಯಲಿಲ್ಲ. ಗೇಸ್ಕೆಯ ಎದುರು ಮನೆಯಲ್ಲಿರುವ ನನ್ನ ಅಮ್ಮನಿಗೆ ಅದು ಗೊತ್ತಿತ್ತು. ಅವಳಿಂದ ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅವರಿಬ್ಬರೂ ಹೈಕೆಸೀಲ್‌ನವರು. ಜರ್ಮನಿಯಲ್ಲಿ ಎಮ್ಸ್ ನದಿ ಕಡಲು ಸೇರುವ ಕಡೆ, ಒಡ್ಡಿನ ಹಿಂದೆ ಮೂವತ್ತೊಂದು ಮನೆಗಳ ಊರು ಅದು. ತಂದೆ ಒಡ್ಡಿನ ತೂಬು ಕಾಯುತ್ತಿದ್ದ. ತಾಯಿ ಬೇಗ ಹೋದಳು. ಒಂಬತ್ತು ವರ್ಷ ದೊಡ್ಡವಳಾದ ಗೇಸ್ಕೆಯೇ ತಮ್ಮನನ್ನು ಸಾಕಿದಳು. ಶಾಲೆಯಲ್ಲಿ ಮನೆಮಾತು ಆಡಿದರೆ ಮೇಷ್ಟರು ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಬೆರಳು ಊದಿಸಿಕೊಂಡು ಬಂದ ತಮ್ಮನಿಗೆ ಅವಳು ಹೇಳಿದ್ದು ಇಷ್ಟು: "ಅಲ್ಲಿ ಅವ್ರ ಮಾತಾಡು. ಇಲ್ಲಿ ನಮ್ದು. ಅವ್ರ ಮಾತಲ್ಲಿ ಬೇಕಾದ್ರೆ ಸುಳ್ಳೂ ಹೇಳು. ನಮ್ದ್ರಲ್ಲಿ ಮಾತ್ರ ಬೇಡ."

ನಮ್ಮಲ್ಲಿ ಹಾಗೆಯೇ. ಪಾದ್ರಿ, ವೈದ್ಯ, ಸರಕಾರದವರು ಇವರೊಡನೆ ಕಚೇರಿಯ ಜರ್ಮನ್. ಅವರು ಹೇಳಿದ್ದಕ್ಕೆ ಕಾಗದ ಬೇಕು, ಸಹಿ ಬೇಕು. ಮನೆಮಾತಿನಲ್ಲಿ ಹಸು ಮಾರಿದರೂ ಕೈ ಕುಲುಕಿದರೆ ಮುಗಿಯಿತು.

ಹಿಂಡರ್ಕ್ ಶಾಸಕನಾದದ್ದು ಈ ಮಾತಿನಿಂದಲೇ. ಶನಿವಾರದ ಪತ್ರಿಕೆಯಲ್ಲಿ ಅವನ ಕಥೆ ಬರುತ್ತಿತ್ತು. ಕೋಳಿಗಳ ಜಗಳ, ವಿಧವೆಯರ ಜಗಳ, ಕಾಲುವೆಗೆ ಬಿದ್ದ ಪಾದ್ರಿ. ಅದನ್ನು ಓದಿ ನಕ್ಕವರು, ಬೇರೆ ಪಕ್ಷದವರಾದರೂ, ಅವನಿಗೇ ಮತ ಹಾಕುತ್ತಿದ್ದರು. ಪ್ರತಿ ಕಥೆಯನ್ನೂ ಮೊದಲು ಅಕ್ಕನ ಚಹಾದ ಮೇಜಿನ ಬಳಿ ಓದುತ್ತಿದ್ದ. ಅವಳು ಕಾಲುಚೀಲ ಹೆಣೆಯುತ್ತಾ ಕೇಳುವಳು. ಒಂದು ಶಬ್ದ ಸರಿಯಿಲ್ಲದಿದ್ದರೂ ಸೂಜಿ ನಿಲ್ಲುತ್ತಿತ್ತು. "ಇದು ಕಚೇರಿ ಕೋಳಿ ಆಯ್ತಲ್ಲೋ. ನಮ್ಮ ಕೋಳಿ ಹೀಗೆ ಕೂಗಲ್ಲ." ಅವನು ಆ ಶಬ್ದವನ್ನು ಹೊಡೆದುಹಾಕುತ್ತಿದ್ದ.

ಬಂದರನ್ನು ಹೈಕೆಸೀಲ್‌ವರೆಗೆ ಬೆಳೆಸುತ್ತಾರೆಂಬ ಸುದ್ದಿ ಹಬ್ಬಿದಾಗ ಊರವರೆಲ್ಲ ಹೆಂಡದಂಗಡಿಯಲ್ಲಿ ಸೇರಿದರು. ಪಕ್ಕದ ಊರಿನವರು ಆಗಲೇ ವಕೀಲನನ್ನು ಹಿಡಿದಿದ್ದರು. ಹಿಂಡರ್ಕ್ ರಾಜಧಾನಿಯಿಂದ ಒಂದು ಪತ್ರ ತಂದಿದ್ದ. ಅದನ್ನು ಜೇಬಿನಿಂದ ತೆಗೆಯದೆ, ಮನೆಮಾತಿನಲ್ಲಿ ಹೇಳಿದ: "ನಮ್ಮ ಊರನ್ನ ಯಾರೂ ಮುಟ್ಟಲ್ಲ." ಯಾರೋ ಕಾಗದ ಕೇಳಿದರು. ಗೇಸ್ಕೆಯೇ ಎದ್ದು ನಿಂತಳು. "ಹಿಂಡರ್ಕ್ ನಮ್ಮ ಮಾತಲ್ಲೇ ಹೇಳಿದ್ಮೇಲೆ ಕಾಗದ ಯಾಕೆ?" ಕೇಳಿದವರು ನಾಚಿಕೊಂಡು ಕುಳಿತರು. ನಮ್ಮೂರಿನಿಂದ ಯಾರೂ ಆಕ್ಷೇಪಣೆ ಸಲ್ಲಿಸದೆ ಗಡುವು ದಾಟಿಹೋಯಿತು.

ನಾಲ್ಕು ವರ್ಷದ ನಂತರ ಹೈಕೆಸೀಲ್‌ನ ಮನೆಗಳನ್ನು ಕೆಡವಿದರು. ಪಕ್ಕದ ಊರು ಈಗಲೂ ಇದೆ.

ಗೇಸ್ಕೆಗೆ ಪಟ್ಟಣದಲ್ಲಿ, ಮೂರನೆಯ ಮಹಡಿಯಲ್ಲಿ ಎರಡು ಕೋಣೆ ಸಿಕ್ಕಿತು. ಮೊದಲ ಭಾನುವಾರ ತಮ್ಮ ಬಂದಾಗ ಅವಳು ಬಾಗಿಲು ತೆರೆದು, "ತಾವು ಒಳಗೆ ಬರಬಹುದು" ಎಂದಳು. ಕಚೇರಿಯ ಜರ್ಮನ್‌ನಲ್ಲಿ. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ, ಚಹಾ ಸುರಿದು, ಅಂಚಿನಿಂದ ಕೆನೆ ಬಿಟ್ಟಳು. ಅವನು ಪದ್ಧತಿಯಂತೆ ಮೂರು ಬಟ್ಟಲು ಕುಡಿದು, ಸಾಕೆಂದು ಚಮಚವನ್ನು ಬಟ್ಟಲೊಳಗೆ ಇಟ್ಟ.

"ಅಕ್ಕಾ, ನನ್ ಜತೆ ಯಾಕೆ ಹೀಗೆ ಮಾತಾಡ್ತೀಯ?"

"ಶಾಸಕರೊಡನೆ ಹೀಗೆಯೇ ಮಾತನಾಡಬೇಕಲ್ಲವೇ?"

ಮುಂದಿನ ಭಾನುವಾರ ಮೂರಕ್ಕೆ ಬರುತ್ತೇನೆಂದು ಅವನು ಎದ್ದಾಗ, "ದಯವಿಟ್ಟು ಬರೆದು ಕೊಡಿ" ಎಂದಳು. ಅವನು ನಕ್ಕ. ಅವಳು ಲೇಖನಿ ತಂದಳು. ಅವನು ತಾರೀಖು, ಹೊತ್ತು ಬರೆದು ಸಹಿ ಹಾಕಿದ. ಆ ಚೀಟಿ ಸಕ್ಕರೆಯ ಹಳೆಯ ಡಬ್ಬಿ ಸೇರಿತು. ಅಲ್ಲಿಂದಾಚೆ ಪ್ರತಿ ವಾರ ಒಂದು ಚೀಟಿ. ಅವನು ಒಂದು ವಾರವೂ ತಪ್ಪಿಸಲಿಲ್ಲ.

ಮುಂದಿನ ಚುನಾವಣೆಗೆ ಅವನು ನಿಲ್ಲಲಿಲ್ಲ. ಕಥೆ ಬರೆಯುವುದನ್ನೂ ಬಿಟ್ಟ. ಯಾಕೆಂದು ಅಮ್ಮ ಮೆಟ್ಟಿಲ ಮೇಲೆ ಕೇಳಿದಾಗ, ಓದಿದರೆ ಕೇಳುವವರಿಲ್ಲ ಎಂದನಂತೆ.

ಐದನೆಯ ವರ್ಷ, ಅಮ್ಮನೂ ಚಹಾಕ್ಕೆ ಕುಳಿತಿದ್ದ ಒಂದು ಭಾನುವಾರ, ಅವನು ಇದ್ದಕ್ಕಿದ್ದಂತೆ ಹೇಳಿದ: "ಅಕ್ಕಾ, ಆ ಕಾಗದದಲ್ಲಿ 'ಸದ್ಯಕ್ಕೆ' ಅಂತ ಇತ್ತು. ಸದ್ಯಕ್ಕೆ ಮುಟ್ಟಲ್ಲ ಅಂತ. ಹೇಳೋವಾಗ ಅದೊಂದು ಶಬ್ದ ಬಿಟ್ಬಿಟ್ಟೆ. ಕಚೇರಿ ಮಾತು, ನೀನು ನಗ್ತೀಯ ಅಂತ."

ಗೇಸ್ಕೆ ಚಹಾದ ಪಾತ್ರೆ ಎತ್ತಿ ಅವನ ಬಟ್ಟಲಿಗೆ ಸುರಿದಳು. ಅದರಲ್ಲಿ ಆಗಲೇ ಚಮಚ ಇತ್ತು. ನಮ್ಮಲ್ಲಿ ಚಮಚ ಇಟ್ಟ ಬಟ್ಟಲಿಗೆ ಯಾರೂ ಸುರಿಯುವುದಿಲ್ಲ. ಅವಳು ತುಂಬ ಹೊತ್ತು ಆ ಬಟ್ಟಲನ್ನೇ ನೋಡಿದಳು. ಆಮೇಲೆ, ಮುಂದಿನ ವಾರದ ಚೀಟಿ ಕೊಡಿ ಎಂದಳು, ಅದೇ ಕಚೇರಿಯ ಮಾತಿನಲ್ಲಿ.

ಹನ್ನೊಂದನೆಯ ವರ್ಷದ ಮಾರ್ಚ್‌ನಲ್ಲಿ ಅವನ ಶ್ವಾಸಕೋಶ ಕೆಟ್ಟಿತು. ಅಮ್ಮ ಗೇಸ್ಕೆಯನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಟಲಿಗೆ ನಳಿಗೆ ಹಾಕಿದ್ದರು, ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಗೇಸ್ಕೆ ಕೋಟು ತೆಗೆಯದೆ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದಳು.

"ಯಾಕೋ ಇಷ್ಟು ತಣ್ಣಗಿದೀಯ?"

ಮನೆಮಾತು. ಅವನ ಕಣ್ಣು ತುಂಬಿತು. ಅವನು ಬೆರಳಿನಿಂದ ಹೊದಿಕೆಯ ಮೇಲೆ ಬರೆಯುವಂತೆ ಮಾಡಿ, ಲೇಖನಿ ಕೊಡೆಂದು ಸನ್ನೆ ಮಾಡಿದ. ಅವಳು ಆ ಬೆರಳನ್ನು ಮುಚ್ಚಿ ಹಿಡಿದಳು.

"ಚೀಟಿ ಬೇಡ. ಭಾನುವಾರ ಮೂರಕ್ಕೆ ಬಾ, ಅಷ್ಟೇ. ಬರ್ತೀಯಲ್ವಾ?"

ಅವನು ತಲೆಯಾಡಿಸಿದ. ಶುಕ್ರವಾರ ಬೆಳಿಗ್ಗೆ ತೀರಿಕೊಂಡ.

ಭಾನುವಾರ ಅಮ್ಮ ಹೋದಾಗ ಮೇಜಿನ ಮೇಲೆ ಎರಡು ಬಟ್ಟಲು ಇದ್ದವು. ಎರಡಕ್ಕೂ ಚಹಾ ಸುರಿದಾಗಿತ್ತು, ಕೆನೆ ಬಿಟ್ಟಾಗಿತ್ತು. ಪಕ್ಕದಲ್ಲಿ ಚೀಟಿಗಳ ಡಬ್ಬಿ ತೆರೆದಿತ್ತು. ಮೂರೂವರೆಗೆ ಗೇಸ್ಕೆ ಅವನ ಬಟ್ಟಲಿನೊಳಗೆ ಚಮಚ ಇಟ್ಟು, ಡಬ್ಬಿಯ ಮುಚ್ಚಳ ಒತ್ತಿದಳು.

"ಈ ಸಲಾನೂ ಬರೆಸ್ಕೋಬೇಕಿತ್ತು ಕಣೇ" ಎಂದಳು.