ಡ್ರೋನ್ ಬೀಳ್ಲಿ ಅಂತ ಬೇಡ್ಕೊಂಡ ದಿನ

ಅಫಜಲಪುರದಾಗ ಲಗ್ನದ ವಿಡಿಯೋ ತೆಗಿಯೋದು ನನ್ನ ಮೊಮ್ಮಗಳ ಧಂದೆ. ಆಕಿ ಹೊಸಾ ಡ್ರೋನ್ ತಂದ ದಿನಾನೇ ಅದರ ಹಣಿಗಿ ಮೂರು ಬೆರಳಿಲೆ ಈಬತ್ತಿ ಎಳೆದೆ. ಮನಿಗಿ ಹೊಸಾ ಗಾಡಿ ಬಂದ್ರ ಹಚ್ಚಂಗಿಲ್ಲೇನು? ಆದ್ರ ಅದು ತಂದಾಗಿಂದ್ಲೇ ಕೆಟ್ಟದ್ದು. ಮ್ಯಾಲ ಹೋಗಿ ಸ್ವಲ್ಪ ಹೊತ್ತು ಚಲೋ ತಿರುಗ್ತದ, ಬಿಸಿ ಆತಂದ್ರ ಕುಡದವರಂಗ ಎಡಕ್ಕ ವಾಲ್ತದ.

ಕಂಪನಿಗಿ ಫೋಟೋ ಕಳಿಸಿದ್ಲು. ಸೆನ್ಸರ್ ಮ್ಯಾಲ ಬಿಳಿ ಪುಡಿ ಅದ, ತಪ್ಪು ನಿಮ್ಮದೇ, ವಾರಂಟಿ ಸಿಗಂಗಿಲ್ಲ ಅಂತ ಜವಾಬ್ ಬಂತು.

"ಆಯಿ, ಅದು ಹಣಿ ಅಲ್ಲ ಬೇ, ಅದರ ಕಣ್ಣು!"

"ಹಣ್ಯಾಗ ಕಣ್ಣಿದ್ದ ಶಿವಗ ದಿನಾ ಹಚ್ತೇನಿ, ಅಂವ ಎಂದಾದ್ರೂ ಎಡಕ್ಕ ವಾಲ್ಯಾನೇನು?"

ಆಕಿ ನಗಲಿಲ್ಲ. ಮುಂದಿನ ವಾರ ಗೊಬ್ಬೂರದಾಗ ಲಗ್ನ, ಆಕಿಗಿ ಸಿಕ್ಕ ಮೊದಲನೇ ದೊಡ್ಡ ಕೆಲಸ. ಡ್ರೋನ್ ಇಲ್ಲಂದ್ರ ಬ್ಯಾರೆಯವರಿಗಿ ಹೇಳ್ತೇವಂತ ಹುಡುಗಿ ಅಪ್ಪ ಅಂದಿದ್ದ.

ನನಗೂ ಟೈಪ್ ಮಾಡಾಕ ಬರ್ತದಲ್ಲ ಈಗ! ಒಂದೇ ಬೆರಳಿಲೆ ಕಂಪನಿಗಿ ಒತ್ತಿದೆ: "ಒರಸೇವಿ. ಆದ್ರೂ ಬೀಳ್ತದ. ಕಣ್ಣಿಲೆ ನೋಡು." ಮರುದಿನ ವಿಡಿಯೋ ಕಾಲ್ ಮಾಡೇ ಬಿಟ್ರು ನೋಡ್ರಿ!

ಮಾಳಿಗಿ ಮ್ಯಾಲ ಆಕಿ ಡ್ರೋನ್ ಬಿಟ್ಲು, ನಾ ಫೋನ್ ಹಿಡದೆ. ಹಿಂದಿ ಮಾತಾಡೋ ಹುಡುಗ ಒಬ್ಬಾಂವ ನೋಡಾಕತ್ತಿದ್ದ. ಹಾಳಾದ್ದು, ನೋಡಾಕ ಬಂದ ಬೀಗರ ಮುಂದ ಕುಂತ ಹುಡುಗಿಯಂಗ ಎಷ್ಟು ನೆಟ್ಟಗ ನಿಂತಿತ್ತು! ಬೀಳಲೇ, ಬೀಳಲೇ ಅಂತ ಮನಸಿನ್ಯಾಗ ಬೇಡ್ಕೊಳ್ಳಾಕತ್ತೆ.

"ಬರೋಬರಿ ಹಾರಾಕತ್ತದಲ್ಲ ಅಮ್ಮಾ, ಕಂಪ್ಲೇಂಟ್ ಬಂದ್ ಮಾಡ್ತೇನಿ," ಅಂದ.

ಮೊಮ್ಮಗಳ ಮಾರಿ ಇಳೀತು. ಅದಿನ್ನೂ ಬಿಸಿ ಆಗಿಲ್ಲಂತ ನನಗ ಗೊತ್ತಿತ್ತು. ಬಿಡ್ತೇನೇನು ಅಂವನ್ನ! ನಿಜಾಮನ ಕಾಲದ ನಮ್ಮ ಮನ್ಯಾಗಿನ ಹಿಂದಿ ಮಾತು ಹೊರಗ ತೆಗದೆ.

"ಇರು ಬೇಟಾ. ಊಟ ಆತೇನು?"

"ಆತ್ರಿ."

"ಏನು ಉಂಡಿ?"

"ಚಪಾತಿ, ಬ್ಯಾಳಿ."

"ಬರೇ ಬ್ಯಾಳಿ? ಯಾರು ಮಾಡಿಹಾಕ್ತಾರ? ಲಗ್ನ ಆಗ್ಯಾದೋ ಇಲ್ಲೋ?"

ಅಂವ ನಕ್ಕ. ಇಲ್ಲಂದ. ಆತಲ್ಲ, ನನಗ ಅಷ್ಟೇ ಸಾಕು! ಎಂಥಾ ಹುಡುಗಿ ಬೇಕು, ಅವ್ವ ಏನಂತಾಳ, ಬೆಳ್ಳಗಿರಬೇಕೋ ಶಾಣ್ಯಾ ಇರಬೇಕೋ ಅಂತ ಕೇಳಕೋತ ಹೋದೆ. ಅಂವಾನೂ ಕೆಲಸ ಮರತು ಜವಾಬ್ ಕೊಡಕೋತ ಕುಂತ. ಡ್ರೋನ್ ಗುಂಯ್ ಅನ್ನಕೋತ ನಿಂತೇ ಇತ್ತು.

ಅಷ್ಟರಾಗ ವಾಲ್ತು ನೋಡ್ರಿ! ಎಡಕ್ಕ ಸರದು, ಬಾಜು ಮನಿಯಾಕಿ ಒಣಗಾಕಿದ್ದ ಕೌದಿಗಿ ಹೋಗಿ ಬಡದು, ಅದನ್ನೇ ಸುತ್ತಿಕೊಂಡು ದೊಪ್ಪಂತ ಬಿತ್ತು.

"ಬಿತ್ತು! ಬಿತ್ತು!" ಅಂತ ನಾ ಜಿಗದೆ.

"ನನ್ನ ಕೌದಿ!" ಅಂತ ಬಾಜು ಮನಿಯಾಕಿ ಚೀರಿದ್ಲು.

"ಅಮ್ಮಾ, ಮೋಟಾರೇ ಖರಾಬ್ ಅದ," ಅಂದ ಫೋನಿನ್ಯಾಗಿನ ಹುಡುಗ. "ಬದಲಿ ಕಳಸ್ತೇವಿ. ಈ ವಾರದಾಗೇ ಬರ್ತದ."

ಮೊಮ್ಮಗಳು ನನ್ನ ಕೈಯಾಗಿನ ಫೋನ್ ಕಸಗೊಂಡು ಅಂವಗ ಥ್ಯಾಂಕ್ಸ್ ಅಂದ್ಲು. ಅದರಿಂದಾನೇ ಗೊಬ್ಬೂರದ ಹುಡುಗಿ ಅಪ್ಪಗ ಫೋನ್ ಹಚ್ಚಿದ್ಲು. ಧ್ವನಿ ಖಡಕ್ ಇತ್ತು.

"ಲಗ್ನದ ಹಂದರ ಎತ್ತರ ಹಾಕಬ್ಯಾಡ್ರಿ, ಕಾಕಾ. ಮ್ಯಾಲಿಂದ ತೆಗಿಯಾಕ ಬರ್ತೇನಿ!"