ಹಗುರವಾಗಿ ಎದ್ದ ದೋಣಿ

ಅಕ್ಕಿ ಮೂಟೆಯಿರಲಿ, ದೋಣಿಯಿರಲಿ, ಮುಟ್ಟುವ ಮೊದಲು ಮಾಸ್ತಿಯಣ್ಣ ಅದಕ್ಕೊಂದು ಸುತ್ತು ಬರುತ್ತಿದ್ದ, ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ. ಕಾಸರಕೋಡದ ದಂಡೆಯಲ್ಲಿ ಮೀನು ಒಣಗಿಸುತ್ತಿದ್ದ ನಾವು ಹೆಂಗಸರು, “ಮಂಗಳಾರತಿ ಯಾವಾಗ, ಮಾಸ್ತಿಯಣ್ಣಾ?” ಎಂದು ಕೆಣಕುತ್ತಿದ್ದೆವು.

“ಬಂಗಡೆ ತಿರುವಿ ಹಾಕ್ರೇ. ಭಾರ ನೋಡ್ದೆ ಎತ್ತಿ ನನ್ನ ಸೊಂಟ ಮುರದ್ರೆ ಎಣ್ಣೆ ತಿಕ್ಕೂಕೆ ನೀವು ಬರ್ತ್ರಿಯಾ?” ಎನ್ನುತ್ತಿದ್ದ.

ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮೇಲಕ್ಕೆ ಎಳೆಯುವಾಗ ಎಲ್ಲರಿಗೂ ಅವನೇ ಬೇಕು. ಮರಳಿನ ಮೇಲೆ ಉರುಟು ಮರದ ತುಂಡುಗಳನ್ನು ಅಡ್ಡ ಇಟ್ಟು, ದೋಣಿಯನ್ನು ಅವುಗಳ ಮೇಲೆ ಉರುಳಿಸಿ ತರುತ್ತಿದ್ದ. ಹಿಂದೆ ಉಳಿದ ತುಂಡನ್ನು ಓಡಿ ತಂದು ಮತ್ತೆ ಮುಂದೆ ಇಡುವುದು ಅವನ ತಮ್ಮ ಗೋವಿಂದನ ಕೆಲಸ.

ಒಂದು ವರ್ಷ ತುಂಡು ಜಾರಿ ದೋಣಿ ವಾಲಿತು, ಗೋವಿಂದನ ಸೊಂಟದ ಮೇಲೆ. ಗಂಡಸರೆಲ್ಲ ಅಂಚಿಗೆ ಕೈ ಹಾಕಿದರು. ಗೇಣು ಏಳುವುದು, ಕೈ ಸೋತು ಮತ್ತೆ ಕೂರುವುದು. ಪ್ರತಿ ಸಲವೂ ಅವನ ಕೂಗು.

“ಕೈ ತೆಗೀರಿ,” ಎಂದ ಮಾಸ್ತಿಯಣ್ಣ. ಅವತ್ತು ಸುತ್ತು ಬರಲಿಲ್ಲ. ಪಕ್ಕದಲ್ಲಿ ಕಲ್ಲು ಇಟ್ಟು, ಅದರ ಮೇಲಿಂದ ದೋಣಿಯಡಿಗೆ ಉದ್ದದ ಗಳ ತೂರಿಸಿ, ತುದಿಯನ್ನು ಅದುಮಿದ. ದೋಣಿ ಎದ್ದಿತು. ಗೋವಿಂದ ಬದುಕಿದ, ಸೊಂಟದ ಕೆಳಗೆ ಮಾತ್ರ ಸ್ವಾಧೀನ ಇರಲಿಲ್ಲ.

“ಹೆಣ ಎತ್ತಿದ ಹಂಗೆ ನನ್ನ ಯಾರೂ ಎತ್ತೂದು ಬೇಡ,” ಎಂದು ಗೋವಿಂದ ಹಟ ಹಿಡಿದ. ತಾನಾಗಿ ಎದ್ದು ಕೂರಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಮಾಸ್ತಿಯಣ್ಣ ಮಂಚದಲ್ಲಿ ಬೆನ್ನಿನಡಿಯ ಹಲಗೆಗೆ ಬಾಗಿಲಿನ ಬಿಜಾಗರಿ ಹೊಡೆದ. ಹಲಗೆಗೆ ಕಟ್ಟಿದ ಹಗ್ಗವನ್ನು ಮಾಡಿನ ತೊಲೆಗೆ ತೂಗುಹಾಕಿದ ರಾಟೆಯ ಮೇಲಿಂದ ತಮ್ಮನ ಕೈಗೆ ಕೊಟ್ಟ. ಎಳೆದರೆ ಬೆನ್ನು ಏಳುತ್ತಿತ್ತು. ನಾನು ಗಂಜಿ ಒಯ್ದ ದಿನ ಗೋವಿಂದ ಕೂತೇ ಉಂಡ.

ತೋಳು ಬಡಕಲಾದಂತೆ ಎರಡನೆಯ ರಾಟೆ ಬಂತು, ಆಮೇಲೆ ಮೂರನೆಯದು. ಭಾರ ಕಡಿಮೆಯಾಯಿತು, ಎಳೆಯಬೇಕಾದ ಹಗ್ಗ ಉದ್ದವಾಯಿತು. ಕಡೆಗೆ ಅಷ್ಟು ಎಳೆಯುವುದಕ್ಕೂ ಅವನಿಗೆ ಉಸಿರು ಸಾಲಲಿಲ್ಲ. ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಕೀವಾಗಿ, ಅವನು ಆ ಆಷಾಢ ದಾಟಲಿಲ್ಲ.

ಮರುವರ್ಷ ಮಾಸ್ತಿಯಣ್ಣ ದಂಡೆಗೆ ಬರಲಿಲ್ಲ. ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಕುಮಟೆ ಹತ್ತಿರ ಹೊಳನಗದ್ದೆಗೆ, ಮಗಳ ಮನೆಗೆ ಹೊರಟಿದ್ದ. ದೋಣಿ ಎಳೆಯಲು ಯಾಕೆ ಬರಲಿಲ್ಲವೆಂದು ಕೇಳಿದೆ.

“ಅವತ್ತು ದೋಣಿ ಎಂತಕ್ಕೆ ಎತ್ತಿದೆ ಅಂತ ಗೋವಿಂದ ಕೇಳ್ದ, ತಂಗೀ. ಸಾಯೂ ಮೊದ್ಲು.”

“ನೀನು ಎಂತ ಹೇಳ್ದೆ?”

“ಎಂತ ಹೇಳೂದು? ಗಳ ಅದುಮಿದ್ರೆ ಭಾರವೇ ಗೊತ್ತಾಗ್ಲಿಲ್ಲ. ಕೈಗೆ ಹಗುರ ಆತು. ಎತ್ತಿಬಿಟ್ಟೆ.”

ಬಸ್ಸು ಬಂತು. ಬಾಗಿಲ ಸರಳು ಹಿಡಿದು ಹತ್ತದೆ ನಿಂತ. ಕಂಡಕ್ಟರ್ ಗದರಿದ ಮೇಲೆ ಹತ್ತಿದ. ಆಮೇಲೆ ಅವನನ್ನು ನೋಡಿದವರು ನಮ್ಮ ದಂಡೆಯಲ್ಲಿ ಯಾರೂ ಇಲ್ಲ.