ಮಾದೇವಿಯ ಗೇಟಿಗೆ ಬಿದ್ದ ಸುಂಕ

ಅರ್ಥಶಾಸ್ತ್ರ ಕಲಿಸುವವರಿಗೆ ಹೊರಗೆ ಎಷ್ಟೇ ಮರ್ಯಾದೆ ಇರಲಿ, ಮನೆಯಲ್ಲಿ ಅಷ್ಟಕ್ಕಷ್ಟೆ. ಈರುಳ್ಳಿ ಬೆಲೆ ಏರಿದರೆ ನಮ್ಮತ್ತೆ ನನ್ನ ಮುಖ ನೋಡುತ್ತಾರೆ. ಟೊಮೆಟೊ ಬೆಲೆ ನೆಲ ಕಚ್ಚಿದರೆ ಆಗಲೂ ನನ್ನ ಮುಖವನ್ನೇ ನೋಡುತ್ತಾರೆ. ಚಾಮರಾಜನಗರದ ಕಾಲೇಜಿನಲ್ಲಿ ನಾನು ಪಾಠ ಮಾಡುವುದು ಬೆಲೆಗಳ ಬಗ್ಗೆ ಎಂದು ಗೊತ್ತಾದ ದಿನದಿಂದ, ಬೆಳಿಗ್ಗೆ ಎದ್ದು ಎಲ್ಲ ಬೆಲೆಗಳನ್ನೂ ನಿಗದಿ ಮಾಡಿಯೇ ನಾನು ಬಸ್ಸು ಹತ್ತುತ್ತೇನೆಂಬ ಗುಮಾನಿ ಅವರಿಗೆ. ಆ ಗುಮಾನಿಯನ್ನು ನಾನೂ ಅಷ್ಟಾಗಿ ಅಲ್ಲಗಳೆದವಳಲ್ಲ. ಯಾರಾದರೂ ನಮ್ಮನ್ನು ಇರುವುದಕ್ಕಿಂತ ದೊಡ್ಡವರೆಂದು ತಿಳಿದರೆ ತಿದ್ದಲು ಮನಸ್ಸು ಬರುವುದಿಲ್ಲ, ನಿಮಗೂ ಗೊತ್ತಲ್ಲ.

ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ. ಬಂಡೀಪುರದ ಕಾಡು ನಮ್ಮ ಹಿತ್ತಿಲಿಗೆ ಅಂಟಿಕೊಂಡೇನೂ ಇಲ್ಲ, ಹಾಗೆಂದು ಮರೆತು ಮಲಗುವಷ್ಟು ದೂರವೂ ಇಲ್ಲ. ಹಂದಿ ಬಂದು ಗೆಣಸು ಕಿತ್ತರೆ ಅದು ಸುದ್ದಿಯೇ ಅಲ್ಲ. ಆದರೆ ಹೋದ ವರ್ಷ ಬೇಸಿಗೆಯ ಹೊತ್ತಿಗೆ ಚಿರತೆ ಬಂತು. ಮೊದಲು ಕೆರೆ ಏರಿಯ ಕಡೆ ಒಂದು ನಾಯಿ ಕಾಣೆಯಾಯಿತು. ಆಮೇಲೆ ಪಕ್ಕದ ಬೀದಿಯಲ್ಲಿ ಒಂದು ಮೇಕೆ. ನಮ್ಮ ಮನೆಯಲ್ಲಿರುವುದು ಒಂದೇ ಹಸು, ಮಾದೇವಿ. ಆಗ ಅದು ತುಂಬು ಗಬ್ಬ. ಕೊಟ್ಟಿಗೆಗೆ ಮೂರು ಕಡೆ ಗೋಡೆ, ಎದುರಿಗೆ ಬಿದಿರಿನ ತಡಿಕೆ.

ಅತ್ತೆ ತಡಿಕೆಯನ್ನು ಒಮ್ಮೆ ಅಲುಗಾಡಿಸಿ ನೋಡಿ, "ಇದು ಬೆಕ್ಕನ್ನೇ ತಡಿಯಾಕಿಲ್ಲ, ಇನ್ನ ಚಿರ್ತೆ ತಡ್ದದಾ? ಕಬ್ಬುಣದ ಗೇಟ್ ಹಾಕ್ಸ್‌ಬುಡನ ಕಣಮ್ಮಿ" ಎಂದರು.

ಗುಂಡ್ಲುಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಲೀಂ ಭಾಯಿ ಬಂದರು. ನಮ್ಮ ಮನೆಯ ಕಿಟಕಿಗಳ ಗ್ರಿಲ್ ಎಲ್ಲ ಅವರ ಕೈಯದೇ. ಟೇಪು ಹಿಡಿದು ಅಳೆದು, ಚಹಾ ಕುಡಿದು, ಬಾಯಿಮಾತಿನಲ್ಲಿ ಒಂದು ಬೆಲೆ ಹೇಳಿದರು. ಬೆಲೆ ನ್ಯಾಯವಾಗಿಯೇ ಇತ್ತು. ಅತ್ತೆ ಹೂಂ ಅನ್ನುವುದರಲ್ಲಿದ್ದರು. ಆಗ ಬಾಯಿ ತೆರೆದವಳು ನಾನು.

ಅಂದಿನ ಪತ್ರಿಕೆಯಲ್ಲಿ ಓದಿದ್ದೆ: ಹೊರದೇಶದಿಂದ ಬರುವ ಉಕ್ಕು, ಅಲ್ಯೂಮಿನಿಯಂಗಳ ಮೇಲೆ ಅಮೆರಿಕದವರು ಭಾರಿ ಸುಂಕ ಹೇರಿದ್ದಾರೆ. ನಾನು ತರಗತಿಯ ಗತ್ತಿನಲ್ಲೇ ವಿವರಿಸಿದೆ. ಅಲ್ಲಿಗೆ ಹೋಗಬೇಕಾಗಿದ್ದ ಮಾಲು ಅಲ್ಲಿ ದುಬಾರಿಯಾಗುತ್ತದೆ, ಕೊಳ್ಳುವವರಿರುವುದಿಲ್ಲ. ಹಡಗುಗಳು ಬೇರೆ ದಾರಿ ಹಿಡಿಯುತ್ತವೆ. ಆ ಮಾಲೆಲ್ಲ ನಮ್ಮ ದೇಶಕ್ಕೆ ಅಗ್ಗವಾಗಿ ಬಂದು ಬೀಳುತ್ತದೆ, ಇಲ್ಲಿಯ ಬೆಲೆ ಇಳಿಯುತ್ತದೆ. ಸ್ವಲ್ಪ ತಡೆದರೆ ನಮಗೇ ಲಾಭ.

ಸಲೀಂ ಭಾಯಿ ಲೋಟ ಕೆಳಗಿಟ್ಟು ಭಕ್ತಿಯಿಂದ ಕೇಳಿದರು. ಅತ್ತೆಯ ಮುಖದಲ್ಲಿ ಹೆಮ್ಮೆ. "ನಮ್ ಸೊಸೆ ಏಳುದ್ರೆ ಮುಗೀತು ಬುಡಪ್ಪ ಸಲೀಮಣ್ಣ. ಇಳೀಲಿ, ಆಮೇಕ ಮಾಡ್ಸನ."

ಸುಂಕವೆಂಬುದು ನಮಗೇನೂ ಹೊಸದಲ್ಲ. ಹಳೆಯ ಶಾಸನಗಳನ್ನು ಓದಿದರೆ ಎತ್ತಿನ ಹೇರಿಗೆ ಸುಂಕ, ಗಾಣಕ್ಕೆ ಸುಂಕ, ಮಗ್ಗಕ್ಕೆ ಸುಂಕ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ಗಾದೆಯನ್ನೇ ಕಟ್ಟಿಟ್ಟರು ನಮ್ಮ ಹಿರಿಯರು. ಆದರೂ ಅವರ ಪುಣ್ಯ ದೊಡ್ಡದು. ಅವರ ಸುಂಕದವನು ಕಟ್ಟೆಯ ಮೇಲೆ ಕಣ್ಣಿಗೆ ಕಾಣುವಂತೆ ಕೂತಿರುತ್ತಿದ್ದ. ಕಷ್ಟ ಹೇಳಿಕೊಳ್ಳಲಾಗದಿದ್ದರೂ ಹತ್ತು ಹೆಜ್ಜೆ ಮುಂದೆ ಹೋಗಿ ಮನಸಾರೆ ಬೈಯಬಹುದಿತ್ತು. ಇಂದಿನ ಸುಂಕದವನು ಯಾವ ಸಮುದ್ರದಾಚೆ ಯಾವ ಕುರ್ಚಿಯ ಮೇಲೆ ಕೂತಿದ್ದಾನೋ! ಅವನು ಸಹಿ ಹಾಕಿದ್ದು ನಮ್ಮ ಕೊಟ್ಟಿಗೆಯ ಬಾಗಿಲಿಗೆ ಎಂಬುದು ಅವನಿಗೂ ಗೊತ್ತಿಲ್ಲ.

ಮುಂದೆ ಆದದ್ದಿಷ್ಟು. ನಾನು ಯೋಚಿಸಿದ್ದನ್ನೇ ದೆಹಲಿಯವರೂ ಯೋಚಿಸಿದ್ದರು. ಅಗ್ಗದ ಮಾಲು ನುಗ್ಗಿದರೆ ನಮ್ಮ ಕಾರ್ಖಾನೆಗಳ ಗತಿಯೇನೆಂದು, ಹೊರಗಿನಿಂದ ಬರುವ ಉಕ್ಕಿನ ತಗಡುಗಳ ಮೇಲೆ ಅವರೂ ಒಂದು ಸುಂಕ ಹಾಕಿದರು. ಹೊರಗಿನದು ದುಬಾರಿಯಾಯಿತು. ಹೊರಗಿನದು ದುಬಾರಿಯಾದ ಮೇಲೆ ಒಳಗಿನವರು ಮಾತ್ರ ಹಳೆಯ ಬೆಲೆಗೆ ಯಾಕೆ ಮಾರುತ್ತಾರೆ? ಅವರೂ ಏರಿಸಿದರು. ಇದೆಲ್ಲ ಪಾಠದಲ್ಲಿ ಇರುವುದೇ. ವರ್ಷವರ್ಷವೂ ನಾನೇ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಮನೆಯ ಗೇಟಿನ ವಿಷಯದಲ್ಲಿ ಮಾತ್ರ ಪಾಠದ ಮೊದಲ ಅರ್ಧವಷ್ಟೇ ನೆನಪಾಗಿತ್ತು.

ಕೆಲವು ವಾರ ಬಿಟ್ಟು ಅಂಗಡಿಗೆ ಹೋದೆ. ಸಲೀಂ ಭಾಯಿಯ ಮುಖ ಬಾಡಿತ್ತು.

"ಏರ್‌ಬಿಟ್ಟದೆ ಮೇಡಂ. ಪೈಪು, ಶೀಟು, ಎಲ್ಲಾ. ನೀವು ಇಳೀತದೆ ಅಂದ್ರಲ್ಲಾ, ನಾನೂ ಮಾಲ್ ತಗೊಳ್ದೆ ಸುಮ್ನಿದ್ದೆ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಉಪನ್ಯಾಸವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ವಿದ್ಯಾರ್ಥಿ ಇನ್ನೊಬ್ಬನಿಲ್ಲ.

"ಹಳೇ ರೇಟ್‌ಗೆ ಮಾತು ಕೊಟ್ಟಿದ್ದೆ, ಈಗ ಎಲ್ಲಾ ನನ್ನೇ ಮೋಸ್ಗಾರ ಅಂತವ್ರೆ. ಮೈಸೂರಲ್ಲಿ ಕೇಳುದ್ರೆ ಡೆಲ್ಲಿ ಅಂತಾರೆ, ಡೆಲ್ಲಿ ಕೇಳುದ್ರೆ ಅಮೆರಿಕ ಅಂತಾರೆ. ನಾನು ಯಾರ್ನ ಕೇಳ್ಲಿ ಮೇಡಂ?"

"ನನ್ನನ್ನಂತೂ ಕೇಳಬೇಡಿ" ಎಂದೆ. ಅವರು ನಕ್ಕರು, ಆದರೆ ಆ ನಗುವಿನಲ್ಲಿ ಜೀವವಿರಲಿಲ್ಲ. ಹೊಸ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಳೆಯ ಬೆಲೆಗೆ ಮಾಡಿಕೊಡಿ ಎನ್ನಲು ನನಗೆ ಬಾಯಿಯಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಎದ್ದು ಹೋಗಿ ಮಾದೇವಿಯ ಹಗ್ಗ ಬಿಚ್ಚಿ, ಹಸುವನ್ನು ನಡುಮನೆಗೇ ಹೊಡೆದುಕೊಂಡು ಬಂದರು.

ಅಂದಿನಿಂದ ಸಂಜೆಯಾದರೆ ಮಾದೇವಿ ನಡುಮನೆಯ ವಾಸಿ. ಸೋಫಾ ಜಗಲಿಗೆ ಹೋಯಿತು. ಟಿವಿಯ ಮುಂದೆ ಹಸು ನಿಂತು, ನಮ್ಮ ಯಜಮಾನರು ಅದರ ಹೊಟ್ಟೆಯಡಿಯಿಂದ ಬಗ್ಗಿ ಕ್ರಿಕೆಟ್ ನೋಡಿದರು. ಸುಂಕದ ಬಗ್ಗೆ ತಜ್ಞರೊಬ್ಬರು ಬರೆದ ಲೇಖನವನ್ನು ಓದೋಣವೆಂದು ಎತ್ತಿಟ್ಟಿದ್ದೆ, ಮಾದೇವಿ ಅದನ್ನು ನಿಧಾನವಾಗಿ ಅಗಿದು ಮುಗಿಸಿತು. ನಾನು ತಡೆಯಲಿಲ್ಲ. ಕಾಲೇಜಿಗೆ ಹೋದರೆ ನನ್ನ ಸೀರೆಯಿಂದ ಗಂಜಲದ ವಾಸನೆ ಬರುತ್ತಿದೆಯೇನೋ ಎಂದು ಸಂಕೋಚದಲ್ಲಿ ಕಿಟಕಿಯ ಪಕ್ಕವೇ ನಿಂತು ಪಾಠ ಮಾಡಿದೆ.

ನಗು ಅಲ್ಲಿಯವರೆಗೆ. ಒಂದು ಬೆಳಿಗ್ಗೆ ಕಸ ಗುಡಿಸಲು ಹೋದ ಅತ್ತೆ ಕೊಟ್ಟಿಗೆಯಿಂದ ಕೂಗಿದರು. ತಡಿಕೆ ಹರಿದು ಒಂದು ಪಕ್ಕಕ್ಕೆ ನೇತಾಡುತ್ತಿತ್ತು. ಒಳಗೆ ಮೇವು ಹಾಕುವ ಗೊಂತಿನವರೆಗೂ ಮೆತ್ತನೆಯ ನೆಲದಲ್ಲಿ ಅಗಲವಾದ ಹೆಜ್ಜೆಗಳು. ಮಾದೇವಿ ಮಲಗುತ್ತಿದ್ದ ಹುಲ್ಲನ್ನು ಕೆದರಿ ಹೋಗಿತ್ತು. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಅತ್ತೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಶಿವ ಕಾಪಾಡ್ದ ಬುಡಮ್ಮಿ. ನೀನ್ಯಾಕ ಅಳ್ತಿದ್ದೈ? ನೀನೇನು ಚಿರ್ತೆಗ ಕಾಗ್ದ ಬರ್ದು ಕರ್ದಿದ್ದಾ?" ಎಂದರು. ಬೈದಿದ್ದರೆ ಇದಕ್ಕಿಂತ ಸಲೀಸಾಗಿರುತ್ತಿತ್ತು.

ಅರಣ್ಯ ಇಲಾಖೆಯವರು ಬಂದು ಹೆಜ್ಜೆ ನೋಡಿ ಕೆರೆಯ ಹತ್ತಿರ ಬೋನು ಇಟ್ಟರು. ನಾನು ಆ ಬೋನಿನ ದಪ್ಪ ದಪ್ಪ ಸರಳುಗಳನ್ನು ಆಸೆಯಿಂದ ನೋಡಿ ಬಂದೆ. ಚಿರತೆ ಅಷ್ಟೂ ಆಸೆ ತೋರಿಸಲಿಲ್ಲ.

ಚಿರತೆಯ ಹೆಜ್ಜೆ ಕಂಡ ಮೇಲೆ ಹಗಲಲ್ಲೂ ಒಳಗೇ ಕಟ್ಟಿದ್ದ ಮಾದೇವಿ ಆ ವಾರವೇ ನಡುಮನೆಯಲ್ಲಿ ಕರು ಹಾಕಿತು. ನಾನು ಮಧ್ಯಾಹ್ನದ ಬಸ್ಸಿಳಿದು ಬರುವ ಹೊತ್ತಿಗೆ ಕರು ಟಿವಿ ಸ್ಟ್ಯಾಂಡಿಗೆ ಒರಗಿ ನಿಲ್ಲಲು ನೋಡುತ್ತಿತ್ತು. "ಹೆಣ್ಗರ ಕಣಮ್ಮಿ!" ಎಂದು ಅತ್ತೆ ಬಾಗಿಲಲ್ಲೇ ಕೂಗಿ ಹೇಳಿದರು. ತಾಯಿ ಕರು ಎರಡೂ ಕ್ಷೇಮ. ಎದೆಯ ಮೇಲಿನ ಕಲ್ಲಿನ ಅರ್ಧ ಭಾಗ ಅಂದೇ ಇಳಿಯಿತು.

ಉಳಿದರ್ಧ ಇಳಿಸಿದವರು ಸಲೀಂ ಭಾಯಿ. "ಮೇಡಂ, ಚಾಮರಾಜನಗರದಲ್ಲಿ ಒಂದು ಹಳೇ ಟಾಕೀಸು ಕೆಡವ್ತಾವ್ರೆ. ಗುಜರಿಗೆ ಹೋಗ್ತಿದ್ದ ಗೇಟು ಒಂದು ಹಿಡ್ಕೊಂಡಿದ್ದೀನಿ. ಗಟ್ಟಿ ಮಾಲು. ನಿಮ್ ಅಳತೆಗೆ ಕತ್ತರಿಸ್ಕೊಡ್ತೀನಿ, ಹಳೇ ರೇಟ್‌ನಲ್ಲೇ ಆಗ್ತದೆ" ಎಂದು ಫೋನು ಮಾಡಿದರು. ಮರುದಿನವೇ ಲಗೇಜ್ ಆಟೋದಲ್ಲಿ ಗೇಟು ಬಂತು. ಇಳಿಸಲು ಬೀದಿಯವರೆಲ್ಲ ಕೈ ಹಾಕಬೇಕಾಯಿತು. ಹಿಂದಿನವರು ಕಬ್ಬಿಣಕ್ಕೆ ಜಿಪುಣತನ ಮಾಡಿರಲಿಲ್ಲ.

ನಿಲ್ಲಿಸಿ ನೋಡಿದರೆ, ಮೇಲೆ ಸರಳು ಬಗ್ಗಿಸಿ ಬೆಸೆದ ದೊಡ್ಡ ಅಕ್ಷರಗಳು: ಮಹಿಳೆಯರು. ಟಾಕೀಸಿನಲ್ಲಿ ಹೆಂಗಸರ ಟಿಕೆಟ್ ಸಾಲಿಗಿದ್ದ ಗೇಟು ಅದು.

"ಏನಮ್ಮಿ ಬರ್ದದ?" ಎಂದರು ಕನ್ನಡಕವಿಲ್ಲದ ಅತ್ತೆ. ಓದಿ ಹೇಳಿದೆ. ಸಲೀಂ ಭಾಯಿ ನಾಚಿ, "ಕತ್ತರಿಸಿ ತೆಗ್ದುಬಿಡ್ತೀನಿ ಅಮ್ಮ" ಎಂದರು.

ಅತ್ತೆ ಒಳಗೆ ನಿಂತಿದ್ದ ಮಾದೇವಿಯನ್ನು, ಅದರ ಕೆಚ್ಚಲಿಗೆ ಬಾಯಿ ಹಾಕಿದ್ದ ಕರುವನ್ನು ನೋಡಿದರು. "ಇರ್ಲಿ ಬುಡಪ್ಪ. ಸುಳ್ಳೇನ್ ಬರ್ದಿಲ್ವಲ್ಲ."

ಸೋಫಾ ಒಳಗೆ ಬಂತು. ಚಿರತೆ ಇನ್ನೊಮ್ಮೆ ಬಂದು ಗೇಟು ನೋಡಿತೋ, ಅಕ್ಷರ ಓದಿ ಮರ್ಯಾದೆಯಿಂದ ಹಿಂದಿರುಗಿತೋ ತಿಳಿಯದು. ಕೊನೆಗೆ ಪಕ್ಕದೂರಿನ ಬೋನಿಗೆ ಬಿದ್ದು ಕಾಡು ಸೇರಿತೆಂದು ಕೇಳಿದೆವು. ಊರೇ ಉಸಿರು ಬಿಟ್ಟಿತು.

ಎಷ್ಟೋ ತಿಂಗಳ ಮೇಲೆ ಪತ್ರಿಕೆಯಲ್ಲಿ ಓದಿದೆ, ಉಕ್ಕಿನ ಬೆಲೆ ಕೊಂಚ ಇಳಿದಿದೆಯಂತೆ. ನಾನು ಅಂದೇ ಹೇಳಿರಲಿಲ್ಲವೇ ಎಂಬ ಉತ್ಸಾಹದಲ್ಲಿ ಅತ್ತೆಯ ಬಳಿ ಓಡಿದೆ. ಅವರು ಹಾಲು ಕರೆಯುತ್ತ ತಲೆಯೆತ್ತದೆ, "ನಮ್ಗ್ಯಾಕ ಅದು? ಸಲೀಮಣ್ಣಂಗ ಏಳು. ಯಾರ್ ಯಾರು ಗೇಟ್‌ಗ ಕಾಯ್ಕಂಡು ಕುಂತವ್ರೋ" ಎಂದರು. ನಮ್ಮ ಗೇಟು ಬಂದ ಮೇಲೆ ಬೇರೆಯವರ ಕೊಟ್ಟಿಗೆಗಳ ನೆನಪು ನನಗಂತೂ ಬಂದಿರಲಿಲ್ಲ.

ಫೋನು ಮಾಡಿದೆ. ಸಲೀಂ ಭಾಯಿ ಬಹಳ ವಿನಯದಿಂದ ಕೇಳಿದರು: "ಮೇಡಂ, ಇಳ್ದಿದೆ ಅಂತಿದ್ದೀರಾ, ಇಳೀತದೆ ಅಂತಿದ್ದೀರಾ?"

"ಇಳಿದಿದೆ" ಎಂದೆ.

"ಹಾಗಾದ್ರೆ ಇವತ್ತೇ ಮಾಲ್ ತರ್ತೀನಿ" ಎಂದು ಅವರು ಗಟ್ಟಿಯಾಗಿ ನಕ್ಕರು. ಈ ಸಲದ ನಗುವಿನಲ್ಲಿ ಜೀವವಿತ್ತು.